ಶನಿವಾರದ ಸಿಪಾಯಿ

"ಕಿವಿ ಪಕ್ಕ ಸ್ವಲ್ಪ ಜಾಸ್ತೀನೇ ತೆಗಿ. ಬುಧವಾರ ಮಣ್ಣು. ಚರ್ಚಲ್ಲಿ ಎಲ್ಲರೂ ಹಿಂದಿನಿಂದ ನೋಡ್ತಾ ಕೂತಿರ್ತಾರೆ," ಎಂದ ಹಾರ್ಲನ್.

ವೆಂಡೆಲ್ ಅವನ ಕೊರಳಿಗೆ ಬಿಳಿ ಬಟ್ಟೆ ಬಿಗಿದು ಕತ್ತರಿ ಎತ್ತಿಕೊಂಡ. ಕೋಳಿ ಸಾಕುವ ಹಾರ್ಲನ್ ಇಪ್ಪತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂರುವವನು. ಮಗ ಕರ್ಟಿಸ್‌ನ ಮೊದಲ ಕ್ಷೌರವೂ ಇಲ್ಲೇ ಆಗಿತ್ತು. ಆ ಕರ್ಟಿಸ್ ವಿಯೆಟ್ನಾಮಿನಲ್ಲಿ ಸತ್ತು, ನಿನ್ನೆ ಭಾನುವಾರ ಹತ್ತಿರದ ಡೋವರ್ ವಾಯುನೆಲೆಗೆ ಶವಪೆಟ್ಟಿಗೆಯಲ್ಲಿ ಬಂದಿದ್ದ.

ವಾರವೆಲ್ಲ ಕ್ಷೌರ ಮಾಡುವ ವೆಂಡೆಲ್, ರಜೆಯ ದಿನಗಳಲ್ಲಿ ವಾಯುಪಡೆಯ ಮೀಸಲು ಸಾಗಣೆ ದಳದಲ್ಲಿ ಸರಕು ನೋಡಿಕೊಳ್ಳುತ್ತಿದ್ದ. ದಳ ಹಳೆಯದು. ಹಿಂದಿನ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳ ಮೇಲೆ ಅಕ್ಕಿ, ಮದ್ದುಗುಂಡು ಇಳಿಸಿತ್ತು. ಯುದ್ಧ ಮುಗಿದಾಗ ಅದನ್ನು ಮುಚ್ಚಿದರು, ಆಮೇಲೆ ಮತ್ತೆ ತೆರೆದರು. ಈಗ ಅದಕ್ಕೆ ಸ್ವಂತ ವಿಮಾನವೂ ಇಲ್ಲ. ಖಾಯಂ ಪಡೆಯ ವಿಮಾನಗಳನ್ನೇ ರಜೆಯಲ್ಲಿ ಬರುವ ಅಂಚೆಯವರು, ಮೇಷ್ಟರುಗಳು, ವಿಮೆ ಮಾರುವವರು ಸೇರಿ ಹಾರಿಸುತ್ತಿದ್ದರು. "ಬಂದನಪ್ಪ ಶನಿವಾರದ ಸಿಪಾಯಿ" ಎಂದು ಹಾರ್ಲನ್ ಪ್ರತಿ ಸಲ ಛೇಡಿಸುತ್ತಿದ್ದ. ಇವತ್ತು ಛೇಡಿಸಲಿಲ್ಲ.

"ನಿಮ್ಮೋರ ವಿಮಾನಾನೇ ಅಲ್ವಾ ಅವನನ್ನ ತಂದಿದ್ದು?"

"ಹೂಂ. ಅಲಾಸ್ಕಾದಿಂದ ಇಲ್ಲೀವರೆಗೆ ನಾವೇ."

"ನೀನು ಹಿಂದುಗಡೇನೇ ಇದ್ದ್ಯಾ? ಅವನ ಜೊತೆ?"

ಕತ್ತರಿ ನಿಂತಿತು. ಪೆಟ್ಟಿಗೆಗಳ ಮೇಲಿನ ಹೆಸರು ಓದಬಾರದೆಂಬುದು ದಳದವರು ತಾವೇ ಮಾಡಿಕೊಂಡ ನಿಯಮ. ಓದಿದವರಿಗೆ ಸೋಮವಾರ ಕೆಲಸಕ್ಕೆ ಹೋಗಲಾಗುತ್ತಿರಲಿಲ್ಲ. ಕರ್ಟಿಸ್ ತನ್ನ ವಿಮಾನದಲ್ಲೇ ಇದ್ದನೆಂದು ವೆಂಡೆಲ್‌ಗೆ ತಿಳಿದದ್ದು ಇಂದು ಬೆಳಿಗ್ಗೆ, ಹೋಟೆಲಿನಲ್ಲಿ, ಮುಂದೆ ತಟ್ಟೆಯಲ್ಲಿ ಮೊಟ್ಟೆ ಇದ್ದಾಗ. ಅವನು ಮೊಟ್ಟೆ ತಿಂದು ಮುಗಿಸಿ, ಎರಡನೇ ಲೋಟ ಕಾಫಿಯನ್ನೂ ಕುಡಿದಿದ್ದ. ಏನೂ ಅನ್ನಿಸಿರಲಿಲ್ಲ.

"ಇದ್ದೆ," ಎಂದ. "ತುಂಬಾ ಚಳಿ ಇತ್ತು. ಒಂದು ಪೆಟ್ಟಿಗೆಗೆ ಒರಗಿ ನಿದ್ದೆ ಮಾಡ್ಬಿಟ್ಟೆ, ಹಾರ್ಲನ್. ಯಾರದ್ದು ಅಂತ ಗೊತ್ತಿಲ್ಲ."

ಹಾರ್ಲನ್ ಕನ್ನಡಿಯನ್ನೇ ನೋಡುತ್ತಿದ್ದ. ಬೀದಿಯಲ್ಲಿ ಕೋಳಿ ತುಂಬಿದ ಲಾರಿ ಹಾದುಹೋಯಿತು. ಬಿಳಿ ಪುಕ್ಕಗಳು ಕಿಟಕಿಯ ಗಾಜಿಗೆ ತಾಗಿ ಕೆಳಗಿಳಿದವು.

"ಗೊರಕೆ ಹೊಡೆದ್ಯಾ?"

"ಹೊಡೆದಿರ್ಬೇಕು."

"ಕರ್ಟಿಸ್ ಚಿಕ್ಕೋನಿದ್ದಾಗ ಒಬ್ಬನೇ ಮಲಗ್ತಿರ್ಲಿಲ್ಲ," ಎಂದ ಹಾರ್ಲನ್. "ಪಕ್ಕದಲ್ಲಿ ಯಾರಾದ್ರೂ ಗೊರಕೆ ಹೊಡೀತಾ ಇದ್ರೇನೇ ಅವನಿಗೆ ನಿದ್ದೆ."

ವೆಂಡೆಲ್ ಅವನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದ. ಕತ್ತಿನ ಹಿಂದೆ ಬಿಸಿ ನೊರೆ ಹಚ್ಚಿ, ಕ್ಷೌರದ ಕತ್ತಿ ಎತ್ತಿದ; ಕೈ ಮುಂದೆ ಹೋಗಲಿಲ್ಲ. ನೊರೆ ತಣ್ಣಗಾಯಿತು. ಹಾರ್ಲನ್ ತಲೆ ಬಾಗಿಸಿಕೊಂಡೇ ಕಾದ.