ರುಚಿ ನೋಡುವ ಭಾನುವಾರ

ಈ ಸಲದ ಸೈಡರ್ ಹದಕ್ಕೆ ಬಂದಿದೆಯೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಭರಣಿ ಹಿತ್ತಲ ಕೋಣೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದೆ. ಅದರ ಗುಳುಗುಳು ನಿಂತು ಮೂರು ವಾರವಾಯಿತು. ನಾನು ರುಚಿ ನೋಡುವಂತಿಲ್ಲ. ಲಿಂಗ ಕಟ್ಟಿಕೊಂಡವನು ನಾನು, ಐವತ್ತೆಂಟು ವರ್ಷದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವನಲ್ಲ. ಹಾಗಾದರೆ ಯಾಕಯ್ಯಾ ಮಾಡ್ತೀಯ ನಂಜುಂಡಯ್ಯ ಎಂದು ಕೇಳುವವರಿಗೆ ನನ್ನದೊಂದೇ ಉತ್ತರ: ನಿಮಗ್ಯಾಕೆ ಊರ ಉಸಾಬರಿ?

ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ಒಬ್ಬ ಇಂಗ್ಲಿಷ್ ದೊರೆಯ ಬಳಿ ಹದಿನೆಂಟು ವರ್ಷ ಟೈಪಿಸ್ಟಾಗಿದ್ದೆ. ನಲವತ್ತಾರನೆಯ ಇಸವಿಯಲ್ಲಿ ಅವನು ಗಂಟುಮೂಟೆ ಕಟ್ಟಿದಾಗ ನನಗೊಂದು ದೊಡ್ಡ ಭರಣಿ ಕೊಟ್ಟ. ತನ್ನ ಊರಿನಲ್ಲಿ ಸೇಬಿನ ರಸ ಹುಳಿಸಿ ಜೋರಾದ ಸೈಡರ್ ಮಾಡುವ ಕ್ರಮವನ್ನು ಹೇಳಿ ನನ್ನ ಕೈಯಲ್ಲೇ ಟೈಪ್ ಮಾಡಿಸಿದ. ನಾನು ಕುಡಿಯುವವನಲ್ಲ ಎಂಬುದು ಹದಿನೆಂಟು ವರ್ಷದಲ್ಲಿ ಅವನ ತಲೆಗೆ ಹೋಗಿರಲೇ ಇಲ್ಲ.

ಬಸವನಗುಡಿಯ ನಮ್ಮ ಮನೆಯ ಹಿತ್ತಲಲ್ಲಿ ಎರಡು ಸೇಬಿನ ಮರಗಳಿವೆ. ಹಣ್ಣು ಸಣ್ಣದು, ಹಲ್ಲು ಚುಳ್ಳೆನ್ನುವ ಹುಳಿ. ನನ್ನ ಹೆಂಡತಿ ವಿಶಾಲಾಕ್ಷಿ ಇದ್ದಾಗ ಉಪ್ಪಿನಕಾಯಿ ಹಾಕುತ್ತಿದ್ದಳು. ನಮಗೆ ಮಕ್ಕಳಿಲ್ಲ. ಅವಳು ಹೋದ ಮೇಲೆ ಎರಡು ವರ್ಷ ಹಣ್ಣು ಬಿದ್ದು ಕೊಳೆತವು, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ದೊರೆ ಟೈಪ್ ಮಾಡಿಸಿದ್ದ ಕಾಗದ ತೆಗೆದು ನೋಡಿದೆ. ಹಣ್ಣನ್ನು ಒರಳಲ್ಲಿ ಜಜ್ಜಿ, ಹಳೆಯ ಪಂಚೆಯಲ್ಲಿ ಹಿಂಡಿ, ಸಕ್ಕರೆ ಧಾರಾಳವಾಗಿ ಸುರಿದು ಕಟ್ಟಿಟ್ಟೆ. ತಿಳಿಯನ್ನು ಬೇರೆ ಮಾಡಲು ರಬ್ಬರ್ ನಳಿಕೆಯನ್ನು ಬಾಯಿಂದ ಎಳೆಯಬೇಕು ಎಂದು ದೊರೆ ಹೇಳಿದ್ದ. ಅದು ನನ್ನಿಂದಾಗದ ಮಾತು, ಸೌಟಿನಲ್ಲೇ ಎತ್ತಿ ಬಾಟಲಿಗೆ ತುಂಬಿದೆ.

ಮಾಡಿದ್ದೇನೋ ಆಯಿತು, ರುಚಿ? ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಸೊಣ್ಣಪ್ಪ ಭಾನುವಾರ ಮಧ್ಯಾಹ್ನ ಖಾಲಿ ಕುಕ್ಕೆ ಹೊತ್ತು ನಮ್ಮ ಬೀದಿಯಲ್ಲೇ ಹಿಂತಿರುಗುತ್ತಿದ್ದ. ಕರೆದೆ. ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಕೂತು ಒಂದು ಲೋಟ ಏರಿಸಿ, ಕಣ್ಣು ಮುಚ್ಚಿ, "ಆಗೋಯ್ತು ಸ್ವಾಮಿ, ತಲೆಗೇ ಹೊಡೀತದೆ," ಎಂದ. ಎರಡನೆಯ ಲೋಟಕ್ಕೆ ಹಾಡಲು ಶುರುಮಾಡಿದ. ಅವನು ಕುಡಿಯುವಷ್ಟು ಹೊತ್ತೂ ನಾನು ಎದೆಯ ಲಿಂಗಕ್ಕೆ ಅಂಗೈ ಮುಚ್ಚಿ ಗೋಡೆಗೆ ಮುಖಮಾಡಿ ನಿಂತಿದ್ದೆ. ಮಾಡಬಹುದು, ನೋಡಬಾರದು. ಇದು ನಾನೇ ಮಾಡಿಕೊಂಡ ಶಾಸ್ತ್ರ.

ಮೂರನೆಯ ವರ್ಷದಿಂದ ಅವನ ನಾಲಿಗೆ ಬಲು ಸೂಕ್ಷ್ಮವಾಯಿತು. ಲೋಟ ಖಾಲಿ ಮಾಡಿ, "ಇನ್ನೂ ಆಗಿಲ್ಲ ಸ್ವಾಮಿ. ಬರೋ ಭಾನ್ವಾರ ನೋಡಣ," ಎನ್ನುವನು. ಮುಂದಿನ ಭಾನುವಾರವೂ ಅದೇ ರಾಗ. ಆಷಾಢದ ಹಣ್ಣು ಕಾರ್ತಿಕ ಕಳೆದರೂ ಹದಕ್ಕೆ ಬರದು. ಆಮೇಲೆ ಕೂತು ಬದನೆಯ ರೇಟು, ಬಾವಿಯ ನೀರು, ಮಗಳು ಮುನಿಗಂಗಳ ಮದುವೆ ಎಂದು ಸಂಜೆಯವರೆಗೆ ಮಾತಾಡುವನು. ನಾನೂ ವಿಶಾಲಾಕ್ಷಿಯ ವಿಷಯ ಹೇಳುತ್ತಿದ್ದೆ. ಬೇರೆ ಯಾರ ಹತ್ತಿರವೂ ಹೇಳಿಲ್ಲ. ಕೊನೆಗೊಂದು ದಿನ "ಈಗ ಸರಿಹೋಯ್ತು" ಎಂದು ಬಾಟಲಿಯೊಂದನ್ನು ಬಗಲಲ್ಲಿಟ್ಟುಕೊಂಡು ಹೊರಡುವನು. ಉಳಿದದ್ದನ್ನು ನಾನು ಚರಂಡಿಗೆ ಸುರಿಯುತ್ತಿದ್ದೆ.

ಚಪ್ಪಡಿಯ ಪಕ್ಕದ ಕರಿಬೇವಿನ ಗಿಡ ಮಾತ್ರ ಆ ವರ್ಷಗಳಲ್ಲಿ ಏಳಿಗೆಯಾಗಲಿಲ್ಲ. ಮೂರು ಸಲ ಹೊಸದು ನೆಟ್ಟೆ, ಮೂರೂ ಸುಟ್ಟಂತೆ ಒಣಗಿದವು. "ಬೇರಿಗೆ ಹುಳ ಬಿದ್ದದೆ ಸ್ವಾಮಿ," ಎಂದಿದ್ದ ಸೊಣ್ಣಪ್ಪ, ಮುಖ ಆ ಕಡೆ ತಿರುಗಿಸಿ.

ಈ ಯುಗಾದಿ ಕಳೆದು ಹದಿನೈದು ದಿನಕ್ಕೆ ಅವನು ಎದೆನೋವೆಂದು ಮಲಗಿದವನು ಏಳಲಿಲ್ಲ. ನನಗೆ ತಿಳಿದದ್ದು ವಾರದ ಮೇಲೆ, ಬಜಾರಿನಲ್ಲಿ. ಆಷಾಢ ಬಂತು, ಕೈ ಸುಮ್ಮನಿರಲಿಲ್ಲ, ಭರಣಿ ಕಟ್ಟಿದೆ. ಭಾನುವಾರಗಳು ಮಾತ್ರ ಬೆಟ್ಟದಷ್ಟು ಉದ್ದವಾದವು.

ನಿನ್ನೆ ಭಾನುವಾರ. ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಸೊಣ್ಣಪ್ಪನ ಹೆಂಡತಿ ಚಿಕ್ಕಮುನಿಯಮ್ಮ, ಸೊಂಟದ ಮೇಲೆ ಗೋಣಿಚೀಲ. ಚಪ್ಪಡಿಯ ಮೇಲಿಟ್ಟು ಬಿಚ್ಚಿದಳು. ಎಂಟು ಬಾಟಲಿ. ಎಂಟರ ಬಿರಡೆಗೂ ನಾನು ಹಾಕಿದ ಅರಗು ಹಾಗೇ ಇತ್ತು.

"ನಿಮ್ಮವು ಸ್ವಾಮಿ. ಗುಡಿಸ್ಲು ಬದಲಾಯಿಸ್ತಾ ಇದೀವಿ, ಅಟ್ಟದ್ ಮೇಲಿದ್ವು."

"ಇವನ್ನ ಅವನು ಕುಡೀಲಿಲ್ವಾ?"

"ಎಲ್ಲಿಂದ ಕುಡೀತಾರೆ! ಮುನಿಗಂಗಂಗೆ ವಿಷಮಜ್ವರ ಬಂದಾಗ ಧರ್ಮರಾಯನ ಗುಡೀಲಿ ಆಣೆ ಇಟ್ಬಿಟ್ರು, ಇನ್ ಮುಟ್ಟಲ್ಲ ಅಂತ. ಎಂಟು ವರ್ಷ ಆಯ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಪ್ರತಿ ಭಾನುವಾರ ನನ್ನ ಮುಂದೆ ಕೂತು ಲೋಟ ಖಾಲಿ ಮಾಡ್ತಿದ್ನಲ್ಲ! ನನ್ನನ್ನ ಮಂಗ ಮಾಡಿದ್ನಾ?"

"ನೀವು ಗೋಡೆ ಕಡೆ ತಿರುಗ್ತಿದ್ರಂತೆ. ಗಿಡದ ಬುಡಕ್ಕೆ ಸುರೀತಿದ್ರು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. "ಹೇಳ್ಬಿಡಿ ಅಂತ ನಾನೂ ಬೈದೆ. ಕುಡಿಯಾಕಿಲ್ಲ ಅಂದ್ರೆ ಸ್ವಾಮಿ ಕರಿಯೋದ್ ನಿಲ್ಲಿಸ್ತಾರೆ, ಒಬ್ರೇ ಕೂತಿರ್ತಾರೆ ಪಾಪ ಅಂತಿದ್ರು. ಅವ್ರಿಗೂ ಇಲ್ಲಿಗ್ ಬರೋದ್ ಅಂದ್ರೆ ಆಸೆ."

ಸಿಟ್ಟು ಎಲ್ಲಿ ಹೋಯಿತೋ. ಚಪ್ಪಡಿಯ ಮೇಲೆ ಕೂತುಬಿಟ್ಟೆ, ಅವನು ಕೂರುತ್ತಿದ್ದ ಜಾಗದಲ್ಲೇ. ಹಾಗಾದರೆ ಎಂಟು ವರ್ಷ ನನ್ನ ಸೈಡರನ್ನು ಈ ಭೂಮಿಯ ಮೇಲೆ ಯಾರೂ ಕುಡಿದಿಲ್ಲ. ಕುಡಿಯದ ಒಬ್ಬನು ಮಾಡಿದ, ಕುಡಿಯದ ಇನ್ನೊಬ್ಬನು ರುಚಿ ನೋಡಿದ.

ನಿಜ ಹೇಳುತ್ತೇನೆ. ನನಗೆ ಬೇಕಿದ್ದದ್ದು ಸೈಡರ್ ಅಲ್ಲ, ಅವನು. ಸೊಪ್ಪಿನವನನ್ನು ಕರೆದು ಕೂರಿಸಿ ಸುಮ್ಮನೆ ಮಾತಾಡಿಸುವ ಪದ್ಧತಿ ನಮ್ಮ ಬೀದಿಯಲ್ಲಿರಲಿಲ್ಲ. ನಮ್ಮ ಲೋಟದಲ್ಲಿ ಅವನಿಗೆ ಕಾಫಿ ಕೊಟ್ಟಿದ್ದರೆ ನಗರ್ತಪೇಟೆಯ ನಮ್ಮ ದಾಯಾದಿಗಳು ಬಾಯಿಗೆ ಬಂದಂತೆ ಆಡುತ್ತಿದ್ದರು. ಸೈಡರಿನ ಲೋಟ ಬೇರೆಯೇ ಇತ್ತು, ಹಿತ್ತಲಲ್ಲೇ ಬೋರಲು ಬಿದ್ದಿರುತ್ತಿತ್ತು. ಕರೆಯಲು ನೆಪ ಬೇಕಿತ್ತು, ಭರಣಿಗಟ್ಟಲೆ ನೆಪ ಹಿಂಡಿ ಇಟ್ಟೆ.

ಚಿಕ್ಕಮುನಿಯಮ್ಮ ಚೀಲ ಮಡಚಿಕೊಂಡಳು.

"ಇರಮ್ಮ, ಕಾಫಿ ಮಾಡ್ತೀನಿ," ಎಂದೆ.

"ಅಯ್ಯೋ, ಬ್ಯಾಡಿ ಸ್ವಾಮಿ. ಗಾಡಿ ಕಾಯ್ತಾ ಅದೆ," ಎಂದು ಗಾಬರಿಯಿಂದ ಹೊರಟೇಹೋದಳು.

ಒಳಗೆ ಹೋಗಿ ಒಲೆ ಹಚ್ಚಿ ಕಾಫಿ ಮಾಡಿದೆ. ವಿಶಾಲಾಕ್ಷಿಯ ತವರಿನ ಬೆಳ್ಳಿ ಲೋಟ ಎರಡು ತೆಗೆದು, ಎರಡಕ್ಕೂ ಬಗ್ಗಿಸಿ, ಹಿತ್ತಲಿಗೆ ತಂದು ಚಪ್ಪಡಿಯ ಮೇಲಿಟ್ಟೆ. ಈ ಸಲ ಗೋಡೆಗೆ ತಿರುಗಲಿಲ್ಲ. ನನ್ನದನ್ನು ಕುಡಿದೆ. ಅವನದು ಆರುವವರೆಗೂ ನೋಡುತ್ತ ಕೂತಿದ್ದೆ.