ಕಣ್ಣಿನ ಕಂಠಪಾಠ

ಬಾಸ್ಕೆಟ್‌ಬಾಲ್ ಆಡುವಾಗ ಇನ್ನೊಬ್ಬ ಹುಡುಗಿಯ ತಲೆಗೆ ತಲೆ ಬಡಿದ ಮೇಲೆ ದಿಶಾಳಿಗೆ ಓದಲು ಆಗುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆದರೆ ಒಂದು ಸಾಲು ಮುಗಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಕಣ್ಣು ದಾರಿ ತಪ್ಪುತ್ತಿತ್ತು. ತಲೆ ತಿರುಗಿಸಿದರೆ ಕೋಣೆ ಸ್ವಲ್ಪ ತಡವಾಗಿ ಹಿಂದೆ ಬರುತ್ತಿತ್ತು. ಹತ್ತನೆಯ ತರಗತಿ, ಬೋರ್ಡ್ ಪರೀಕ್ಷೆ ಮುಂದಿನ ತಿಂಗಳು. ಗುಣವಾಗಿದೆ ಎಂದು ಥೆರಪಿಸ್ಟ್ ಪತ್ರ ಕೊಟ್ಟರೆ ಮಾತ್ರ ಶಾಲೆಗೆ ವಾಪಸ್.

ಅವರಿದ್ದ ಗಲ್ಫ್ ನಗರದಲ್ಲಿ ಅಲ್ ಅಜೈಬಾ ಬಡಾವಣೆಯ ಕ್ಲಿನಿಕ್ಕಿನ ಥೆರಪಿಸ್ಟ್ ಫಾಯಿಝಾ ಉಳ್ಳಾಲದ ಕಡೆಯವಳು. ಮೊದಲ ದಿನ ಅವಳು ಬೆರಳನ್ನು ದಿಶಾಳ ಮೂಗಿನತ್ತ ತಂದಳು. ಇನ್ನೂ ದೂರವಿರುವಾಗಲೇ ಬೆರಳು ಎರಡಾಯಿತು. ದಪ್ಪ ಸ್ಪಂಜಿನ ಹಾಸಿನ ಮೇಲೆ ಕಣ್ಣು ಮುಚ್ಚಿಸಿ ನಿಲ್ಲಿಸಿದಳು. ವಾಲಿ ಬೀಳುತ್ತಿದ್ದವಳನ್ನು ತಾನೇ ಹಿಡಿದುಕೊಂಡಳು. ಕೊನೆಗೆ ಬೆನ್ನ ಹಿಂದೆ ನಿಂತು, ಎರಡು ಕೈಯಿಂದ ಅವಳ ತಲೆಯನ್ನು ಅತ್ತಿತ್ತ ತಿರುಗಿಸುತ್ತ, ಗೋಡೆಯ ಮೇಲಿನ ಅಕ್ಷರಗಳ ಚಾರ್ಟ್ ಓದಲು ಹೇಳಿದಳು. ದಿಶಾ ಎರಡು ಸಾಲು ದಾಟಲಿಲ್ಲ.

ಅವಳ ಅಪ್ಪ ಶ್ರೀನಿವಾಸಮೂರ್ತಿ, ಮೈಸೂರಿನ ಎಂಜಿನಿಯರ್, ಮಗಳು ಫೇಲಾದದ್ದನ್ನು ಅದೇ ಮೊದಲು ನೋಡಿದ್ದು. ಹೊರಡುವಾಗ ಮೊಬೈಲಿನಲ್ಲಿ ಚಾರ್ಟಿನ ಫೋಟೋ ತೆಗೆದುಕೊಂಡರು.

ಹೆಬ್ಬೆರಳಿನ ಮೇಲೆ ನೋಟ ನೆಟ್ಟು ತಲೆ ಆಡಿಸಬೇಕು, ತಲೆಸುತ್ತು ಜಾಸ್ತಿಯಾದ ಕೂಡಲೇ ನಿಲ್ಲಿಸಬೇಕು ಎಂದಿದ್ದಳು ಫಾಯಿಝಾ. ಅಲ್ ಅಮೇರಾತ್‌ನ ಮನೆಯಲ್ಲಿ ಆ ಒಂದು ನಿಮಿಷದ ವ್ಯಾಯಾಮ ಒಂದು ಗಂಟೆಯ ಟ್ಯೂಷನ್ ಆಯಿತು. ದಿಶಾ ವಾಂತಿ ಮಾಡಿಕೊಂಡಳು. ಅಭ್ಯಾಸ ಆಗುತ್ತೆ ಎಂದರು ಮೂರ್ತಿ. ಆಮೇಲೆ ಚಾರ್ಟ್. ಫೋಟೋ ನೋಡಲು ಅವಳಿಗೆ ಆಗುತ್ತಿರಲಿಲ್ಲವಾದ್ದರಿಂದ ಅಮ್ಮ ಕಾಂತಾಮಣಿ ತರಕಾರಿ ಹೆಚ್ಚುತ್ತ ಅಕ್ಷರಗಳನ್ನು ಓದಿ ಹೇಳುತ್ತಿದ್ದಳು, ಮಗಳು ಒಪ್ಪಿಸುತ್ತಿದ್ದಳು. ಚಿಕ್ಕಂದಿನಲ್ಲಿ ಮಗ್ಗಿ ಕಲಿಸಿದ್ದೂ ಹೀಗೆಯೇ.

ಎರಡನೆಯ ಭೇಟಿಯಲ್ಲಿ ಸ್ಪಂಜಿನ ಮೇಲೆ ದಿಶಾ ಹಲ್ಲು ಕಚ್ಚಿ ಹೇಗೋ ನಿಂತಳು. ಫಾಯಿಝಾ ಹಿಂದೆ ಹೋಗಿ ತಲೆ ಹಿಡಿದಳು. ಚಾರ್ಟಿನ ಪಕ್ಕದ ಕುರ್ಚಿಯಲ್ಲಿದ್ದ ಕಾಂತಾಮಣಿಗೆ ಮಗಳ ಮುಖ ನೇರ ಕಾಣುತ್ತಿತ್ತು. ತಲೆ ಅಲುಗಾಡಿದ ಕೂಡಲೇ ದಿಶಾ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನಲ್ಲೇ ಒಂದೊಂದೇ ಸಾಲು, ತಡವರಿಸದೆ, ಕೊನೆಯ ಇರುವೆಯಂಥ ಅಕ್ಷರಗಳವರೆಗೂ ಹೇಳಿದಳು. ಕಾಂತಾಮಣಿ ತನ್ನ ಬ್ಯಾಗಿನ ಜಿಪ್ ನೋಡುತ್ತ ಕುಳಿತಳು. ಮೂರ್ತಿ ಮಗಳ ಜೊತೆಜೊತೆಗೇ ತುಟಿ ಅಲುಗಿಸುತ್ತಿದ್ದರು.

ಫಾಯಿಝಾ ಕೈ ತೆಗೆದಳು. ಅವಳ ದನಿ ಏರಲಿಲ್ಲ.

"ಒಂದು ಅಕ್ಷರವೂ ತಪ್ಪಲಿಲ್ಲ ಮಗಾ. ಆದ್ರೆ ಅದು ಹೋದ ಸಲದ ಚಾರ್ಟ್. ಇವತ್ತು ಬೇರೆ ಹಾಕಿದ್ದೇನೆ."

ದಿಶಾ ಕಣ್ಣು ತೆರೆಯಲಿಲ್ಲ.

"ಬದಲಾಯಿಸೋದಾದ್ರೆ ಮೊದಲೇ ಹೇಳ್ಬೇಕಿತ್ತು ಮೇಡಂ," ಎಂದರು ಮೂರ್ತಿ. ಅವರಿಗೆ ನಿಜಕ್ಕೂ ಅನ್ಯಾಯವಾದಂತಿತ್ತು. "ಇದು ಔಟ್ ಆಫ್ ಸಿಲಬಸ್ ಆಯ್ತಲ್ಲ."

"ನಾನು ಪರೀಕ್ಷೆ ಮಾಡಿದ್ದು ಅವಳ ಕಣ್ಣನ್ನು ಸರ್. ನೀವು ಅವಳಿಗೆ ಎಂತ ಕಲಿಸಿದ್ರಿ?"

ಆ ಪತ್ರ ಸಿಗಲಿಲ್ಲ. ಬೇಕಾದರೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಉತ್ತರ ಬರೆಯಲು ಸಹಾಯಕರನ್ನು ಕೊಡಬೇಕೆಂದು ಬೇರೆ ಪತ್ರ ಬರೆಯುತ್ತೇನೆ ಎಂದಳು ಫಾಯಿಝಾ. ನನ್ನ ಮಗಳು ಹ್ಯಾಂಡಿಕ್ಯಾಪ್ಡ್ ಅಲ್ಲ ಎಂದು ಮೂರ್ತಿ ಎದ್ದರು. ಎದ್ದವರು ಗೋಡೆಯತ್ತ ತಿರುಗಿ, ಎಲ್ಲರೆದುರೇ ಹೊಸ ಚಾರ್ಟಿನ ಫೋಟೋ ತೆಗೆದರು.

ಅಲ್ ಅಮೇರಾತ್‌ಗೆ ಹೋಗುವ ಬೆಟ್ಟದ ತಿರುವುಗಳಲ್ಲಿ ದಿಶಾ ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕಾರು ಓಡಿಸುತ್ತಿದ್ದ ಮೂರ್ತಿ ಮೊಬೈಲನ್ನು ಹಿಂದಕ್ಕೆ ಚಾಚಿದರು. ಕಾಂತಾಮಣಿ ಅದನ್ನು ಬೋರಲಾಗಿ ಸೀಟಿನ ಮೇಲಿಟ್ಟಳು.

"ಅವ್ರು ಮತ್ತೆ ಬದಲಾಯಿಸ್ತಾರೆ ಕಣೆ," ಎಂದಳು.

"ಐ ನೋ," ಎಂದಳು ದಿಶಾ ಮೆಲ್ಲಗೆ. "ಓದು ಅಮ್ಮ. ಓದಿದ್ರೆ ಅಪ್ಪ ಸುಮ್ನಿರ್ತಾರೆ."

ಕಾರು ತಿರುವಿಗೆ ವಾಲಿತು. ಕಾಂತಾಮಣಿ ಮೊಬೈಲ್ ಎತ್ತಿಕೊಂಡು, ಮಗಳ ಕಣ್ಣನ್ನು ಅಂಗೈಯಿಂದ ಮುಚ್ಚಿ, ಮೊದಲ ಸಾಲನ್ನು ಓದಿದಳು.