ಅಕ್ಕನ ಕೋಟಿಗೆ ಬಂದ ಪತಂಗಗಳು

ಸೇಬಿನ ತೋಟಗಳನ್ನು ಹಾಳುಗೆಡಹುವ ಪತಂಗವೊಂದನ್ನು ಹಿಡಿಯುವುದೇ ತಂಗಿಯ ಕಸುಬು. ಮನೆಯ ಹಿಂದಿನ ಕೋಣೆಯಲ್ಲಿ, ಗೆಳತಿಯೊಬ್ಬಳ ಜೊತೆ ಕೂತು, ವರ್ಷಗಟ್ಟಲೆ ತಿಣುಕಿ ಹೆಣ್ಣು ಪತಂಗದ ವಾಸನೆಯನ್ನು ಬಾಟಲಿಗೆ ಇಳಿಸಿದ್ದಳು. ನಮ್ಮ ನಿಮ್ಮ ಮೂಗಿಗೆ ಅದು ಬರೀ ನೀರು. ಗಂಡು ಪತಂಗ ಮೂಸುವುದೇ ಮೀಸೆಯಿಂದ. ಬೋನಿಗೆ ಸವರಿದ ಒಂದು ಹನಿಯೂ ಅದಕ್ಕೆ ಎಷ್ಟೋ ದೂರದಿಂದ ಗೊತ್ತಾಗಿ, ಮಟಮಟ ಮಧ್ಯಾಹ್ನದಲ್ಲೇ ಹಾರಿಬಂದು ಬೋನಿಗೆ ಬೀಳುತ್ತಿತ್ತು. ಬಟ್ಟೆಗೆ ತಾಗಿದರೆ ಆ ವಾಸನೆ ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಹಾಗಾಗಿ ಗೆಳತಿಯರಿಬ್ಬರೂ ಕೆಲಸದ ಬಟ್ಟೆಯನ್ನು ಅಲ್ಲೇ ಕಳಚಿಟ್ಟು, ಮಿಂದು ಹೊರಬರುತ್ತಿದ್ದರು.

ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವಳು ಅಕ್ಕ. ಹುಳ ಹುಪ್ಪಟೆ ಎಂದರೆ ಅವಳಿಗೆ ಮೈಯೆಲ್ಲ ಜುಮ್ಮೆನ್ನುವುದಂತೆ. ಆ ಕೋಣೆಯ ಹೊಸ್ತಿಲನ್ನೂ ತುಳಿದವಳಲ್ಲ ಎಂದು ತಂಗಿ ನಂಬಿದ್ದಳು.

ಹೀಗಿರುವಾಗ ಬೇರೊಂದು ಕಂಪನಿಯ ಬೋನು ಅಂಗಡಿಗೆ ಬಂತು. ತಂಗಿ ಅದನ್ನೂ ತನ್ನದನ್ನೂ ಅಕ್ಕಪಕ್ಕದ ಮರಗಳಿಗೆ ತೂಗುಹಾಕಿ ನೋಡಿದಳು. ಪತಂಗಗಳು ಭೇದವಿಲ್ಲದೆ ಎರಡಕ್ಕೂ ಮುತ್ತಿದವು. ಆಮೇಲೆ ಪರೀಕ್ಷೆ ಮಾಡಿಸಿದರೆ, ವಾಸನೆಯ ಬೆರಕೆಯ ಅಳತೆಯೂ ಅದೇ; ಯಾರೋ ಗುಟ್ಟು ಮಾರಿದ್ದರು.

"ಒಳಗೆ ಹೋಗೋರು ನೀವಿಬ್ಬರೇ ತಾನೆ?" ಎಂದಳು ಅಕ್ಕ, ಬಟ್ಟೆ ಮಡಚುತ್ತ. "ನೀನಲ್ಲ ಅಂದ್ಮೇಲೆ ಇನ್ಯಾರು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ತಂಗಿಯದು ಹಿತ್ತಾಳೆ ಕಿವಿಯಾಯಿತು. ಗೆಳತಿಯನ್ನು ಕೂರಿಸಿ ಒಂದು ಮಾತೂ ಕೇಳದೆ ಬಾಗಿಲು ತೋರಿಸಿಬಿಟ್ಟಳು.

ಚಳಿಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಅಕ್ಕ ಬೂದು ಕೋಟು ತೊಟ್ಟು, ಟೀ ಹಿಡಿದು ತೋಟಕ್ಕೆ ಬಂದಳು. ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಒಂದು ಪತಂಗ ಅವಳ ತೋಳಿನ ಮೇಲೆ ಕೂತಿತು. ಹಿಂದೆಯೇ ಇನ್ನೊಂದು. ನೋಡನೋಡುತ್ತ ಬಲಗೈ ತೋಳು ಪಟಪಟ ರೆಕ್ಕೆಗಳಿಂದ ತುಂಬಿಹೋಯಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ; ಅಕ್ಕ ಆಗಲೇ ಕೈ ಕೊಡವುತ್ತಿದ್ದಳು.

"ನಿನ್ನಿಂದಾನೇ ಅಂಟಿದೆ ಕಣೇ," ಎಂದಳು.

"ನನ್ನ ಮೇಲೆ ಒಂದೂ ಕೂತಿಲ್ವಲ್ಲಕ್ಕ."

ಅಕ್ಕ ಟೀ ಲೋಟವನ್ನು ಹುಲ್ಲಿನ ಮೇಲೆ ಇಟ್ಟಳು. "ಆ ಕಂಪನೀಲಿ ನನ್ನನ್ನ ಮೇಡಂ ಅಂದ್ರು," ಎಂದಳು. "ನಂಗೊಂದು ಮೇಜು ಕುರ್ಚಿ ಕೊಡ್ತೀವಿ ಅಂದ್ರು. ಈ ಮನೇಲಿ ನಾನು ಯಾರು? ಟೀ ತರೋಳು."

"ಕೇಳಿದ್ರೆ ಪಾಲು ಕೊಡ್ತಿರ್ಲಿಲ್ವಾ? ಹೋಗ್ಲಿ, ಅದನ್ನ ನನ್ನ ಗೆಳತಿ ತಲೆಗೆ ಯಾಕೆ ಕಟ್ಟಿದೆ?"

ಅಕ್ಕ ಮತ್ತೆ ಕೈ ಕೊಡವತೊಡಗಿದಳು. ತನಗೆ ಎಣ್ಣೆ ಹಚ್ಚಿ ಜಡೆ ಹೆಣೆದ ಕೈಗಳವು. ತಂಗಿಗೆ ಅವನ್ನು ನೋಡಲಾಗಲಿಲ್ಲ. ಅತ್ತರೂ ಒರೆಸುವವಳು ಅವಳೇ ಅಲ್ಲವೇ ಎನಿಸಿ, ಅಳುವೂ ಬರಲಿಲ್ಲ.

ವಾರ ಕಳೆಯುವುದರೊಳಗೆ ಅಕ್ಕ ಪೆಟ್ಟಿಗೆ ಕಟ್ಟಿಕೊಂಡು ಹೊರಟಳು. ತಂಗಿ ತಡೆಯಲಿಲ್ಲ. ನೇರ ಗೆಳತಿಯ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಬಾಗಿಲಲ್ಲೇ ನಿಂತು ಹೇಳಿದಳು.

"ಹುಳ ಹೇಳಿದ್ಮೇಲೆ ನಂಬಿದ್ಯಾ?" ಎಂದಳು ಗೆಳತಿ. "ಅವತ್ತು ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

ಅವಳು ಬಾಗಿಲು ಹಾಕಲಿಲ್ಲ. ಒಳಗೆ ಬಾ ಎಂದೂ ಕರೆಯಲಿಲ್ಲ.